ಜುಲೈ 11ರ ಲೋಕಲ್ ಸ್ಫೋಟದ ಮೇಲೆ ಕನ್ನಡ ಕಿರುಚಿತ್ರ: ಯಾರ ಕಥೆ, ಯಾರನ್ನು ಕೇಳಿ ಮಾಡಬೇಕು?

ಮುಲುಂಡ್_ಬರಹ

ಎಲ್ಲರಿಗೂ ನಮಸ್ಕಾರ. ಮುಲುಂಡ್, ಥಾಣೆ ಕಡೆ ಇರುವ ನಾವೊಂದಿಷ್ಟು ಕನ್ನಡಿಗರು ಸೇರಿ ನಾಟಕ, ಕಿರುಚಿತ್ರ ಮಾಡುತ್ತಾ ಬಂದಿದ್ದೇವೆ. 2026ರ ಜುಲೈ 11ಕ್ಕೆ ಮುಂಬೈ ಲೋಕಲ್ ರೈಲು ಸ್ಫೋಟಗಳಿಗೆ 20 ವರ್ಷ. ಅದರ ಮೇಲೆ ಅರ್ಧ ಗಂಟೆಯ ಒಂದು ಕನ್ನಡ ಚಿತ್ರ ಮಾಡೋಣ ಅಂತ ಮಾತಾಗಿದೆ. ಸ್ಕ್ರಿಪ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಆಗ ಚಿಕ್ಕವರಿದ್ದವರಿಗೆ ಎರಡು ಮಾತು. 2006ರ ಜುಲೈ 11, ಮಂಗಳವಾರ. ಸಂಜೆ 6:24ರಿಂದ 6:35, ಬರೀ ಹನ್ನೊಂದು ನಿಮಿಷ. ಚರ್ಚ್‌ಗೇಟ್‌ನಿಂದ ಹೊರಟ ಗಾಡಿಗಳಲ್ಲಿ ಏಳು ಬಾಂಬ್ ಸಿಡಿದವು. ಎಲ್ಲವೂ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೋರಿವಲಿ, ಮೀರಾ ರೋಡ್ ಆಸುಪಾಸು. 180ಕ್ಕೂ ಹೆಚ್ಚು ಜನ ಸತ್ತರು. ಗಾಯಗೊಂಡವರು ನೂರಾರು. ಎಲ್ಲರೂ ಕೆಲಸ ಮುಗಿಸಿ ಮನೆಗೆ ಹೊರಟವರು.

ನಮ್ಮ ಗುಂಪಿನಲ್ಲಿ ಮೊದಲ ದಿನವೇ ಎರಡು ಪಕ್ಷ ಆಯಿತು. ಸ್ಫೋಟದ ದೃಶ್ಯದಿಂದಲೇ ಶುರು ಮಾಡಬೇಕು ಅಂತ ಕೆಲವರು. ಸ್ಫೋಟವನ್ನು ತೋರಿಸಲೇಬಾರದು ಅನ್ನುವುದು ನನ್ನ ವಾದ. ಆ ಹನ್ನೊಂದು ನಿಮಿಷದ ಬಗ್ಗೆ ಎಲ್ಲರೂ ಮಾತಾಡಿದ್ದಾರೆ. ಆಮೇಲಿನ 20 ವರ್ಷ ಬದುಕಿದವರನ್ನು ಯಾರು ನೋಡಿದ್ದಾರೆ? ಕಾಲು ಕಳೆದುಕೊಂಡವರು, ಕಿವಿ ಕಳೆದುಕೊಂಡವರು, ಗಂಡ ಇಲ್ಲದೆ ಮಕ್ಕಳನ್ನು ಸಾಕಿದವರು. ನನಗೆ ಅವರ ಕಥೆ ಬೇಕು.

ನಿಮ್ಮನ್ನು ಕೇಳಬೇಕಾದ್ದು ಇಷ್ಟು. ನಿಜವಾದ ಕುಟುಂಬದ ಕಥೆ ತೆಗೆದುಕೊಳ್ಳಬೇಕಾ ಅಥವಾ ಪಾತ್ರ ಕಲ್ಪಿಸಬೇಕಾ? ಯಾರ ಒಪ್ಪಿಗೆ ಕೇಳಬೇಕು? ಬಾಂಬ್ ಇಟ್ಟವರು ಯಾರು ಅನ್ನುವ ಪ್ರಶ್ನೆಗೆ ಚಿತ್ರದಲ್ಲಿ ಏನು ಹೇಳಬೇಕು? ಆ ದಿನ ಆ ಗಾಡಿಗಳಲ್ಲಿ ಇದ್ದವರು ಇಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಬರೆಯಲು ಮನಸ್ಸಿಲ್ಲದಿದ್ದರೆ ಅದೂ ಅರ್ಥವಾಗುತ್ತದೆ.

ವಸಾಯಿ_ಪ್ಯಾಸೆಂಜರ್

ನಾನು ಆ ದಿನ ಒಂದು ಗಾಡಿಯಲ್ಲಿದ್ದೆ. ಸೆಕೆಂಡ್ ಕ್ಲಾಸ್, ಸಿಡಿದ ಡಬ್ಬಿಯಿಂದ ದೂರ. ಆದ್ದರಿಂದ ಬದುಕಿದ್ದೇನೆ, ಅಷ್ಟೆ.

ನೀವು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಸಿನಿಮಾದಲ್ಲಿ ಬೆಂಕಿ ತೋರಿಸುತ್ತಾರೆ, ದೊಡ್ಡ ಸದ್ದು, ಆಮೇಲೆ ಪಿಟೀಲು. ನನಗೆ ನೆನಪಿರುವುದು ಬೇರೆ. ಗಾಡಿ ನಿಂತಿತು. ಯಾಕೆ ನಿಂತಿತು ಅಂತ ನಮ್ಮ ಡಬ್ಬಿಯಲ್ಲಿ ಯಾರಿಗೂ ಗೊತ್ತಿಲ್ಲ. ಓವರ್‌ಹೆಡ್ ತಂತಿ ಕಡಿದಿರಬೇಕು ಅಂದರು ಒಬ್ಬರು. ಬಗ್ಗಿ ನೋಡಿದವರು ಒಬ್ಬೊಬ್ಬರಾಗಿ ಸುಮ್ಮನಾದರು. ಇಳಿದು ಹಳಿಯ ಪಕ್ಕ ನಡೆದಾಗ ಗೊತ್ತಾಯಿತು. ಫೋನ್ ಯಾರಿಗೂ ಸಿಗುತ್ತಿರಲಿಲ್ಲ. ಎಲ್ಲರೂ ಕೈಯಲ್ಲಿ ಫೋನ್ ಹಿಡಿದು ಒತ್ತುತ್ತಲೇ ಇದ್ದರು.

ಹಳಿಯ ಪಕ್ಕದ ಜೋಪಡಿಗಳಿಂದ ಜನ ಓಡಿ ಬಂದರು. ಮನೆಯ ಬೆಡ್‌ಶೀಟ್, ಚಾದರ ತಂದರು. ಅದರಲ್ಲೇ ಗಾಯಗೊಂಡವರನ್ನು ಹೊತ್ತರು. ಆಂಬುಲೆನ್ಸ್ ಬರುವ ಮೊದಲೇ ರಿಕ್ಷಾ, ಟೆಂಪೋ, ಸಿಕ್ಕಿದ್ದರಲ್ಲಿ ಹಾಕಿ ಕಳಿಸಿದರು. ಯಾರ ಹೆಸರು ಏನು ಅಂತ ಯಾರೂ ಕೇಳಲಿಲ್ಲ. ದಿನಾ ಆ ಜೋಪಡಿಗಳನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದವರು ನಾವೇ. ಆ ಜನರನ್ನು ಯಾವ ಚಿತ್ರವೂ ಸರಿಯಾಗಿ ತೋರಿಸಿಲ್ಲ ಅಂತ ನನ್ನ ನೋವು.

ಇನ್ನೊಂದು. ನಿಮ್ಮ ಚಿತ್ರದಲ್ಲಿ ಸ್ಫೋಟ ಇದ್ದರೆ ನಾನು ನೋಡಲು ಬರುವುದಿಲ್ಲ. ಇಲ್ಲದಿದ್ದರೆ ಬರುತ್ತೇನೆ. ನಮ್ಮಂಥವರಿಗಾಗಿ ಮಾಡುತ್ತಿದ್ದೀರಾ ಅಥವಾ ನೋಡದವರಿಗೆ ತೋರಿಸಲು ಮಾಡುತ್ತಿದ್ದೀರಾ? ಅದನ್ನು ಮೊದಲು ತೀರ್ಮಾನಿಸಿ.

ಮಾಟುಂಗಾ_ರಂಗಕರ್ಮಿ

ವಸಾಯಿಯವರ ಮಾತಿಗೆ ಕೈ ಮುಗಿಯುತ್ತೇನೆ. ಆದರೂ ಸ್ವಲ್ಪ ಬೇರೆ ಹೇಳಬೇಕು.

ಹಿಂಸೆಯನ್ನು ಪೂರ್ತಿ ಮರೆಗೆ ತಳ್ಳಿದರೆ ಮುಂದಿನವರಿಗೆ ಅದು ಬರೀ ಒಂದು ತಾರೀಖು ಆಗುತ್ತದೆ. ನನ್ನ ಹತ್ತಿರ ನಾಟಕ ಕಲಿಯಲು ಬರುವ ಹುಡುಗರು 2006ರಲ್ಲಿ ಹುಟ್ಟಿದವರು. ಅವರಿಗೆ 26/11, ಅಂದರೆ 2008ರ ಮುಂಬೈ ದಾಳಿ ಗೊತ್ತು, ಯಾಕೆಂದರೆ ಅದರ ಮೇಲೆ ಸಿನಿಮಾ ಬಂದಿವೆ, ಸೀರೀಸ್ ಬಂದಿವೆ. 11 ಜುಲೈ ಗೊತ್ತಿಲ್ಲ. ಸತ್ತವರ ಸಂಖ್ಯೆ ನೋಡಿದರೆ 26/11ರ 166ಕ್ಕಿಂತ ರೈಲು ಸ್ಫೋಟದ್ದೇ ಜಾಸ್ತಿ. ಆದರೂ ಗೊತ್ತಿಲ್ಲ. ಯಾಕೆ? ತಾಜ್ ಹೋಟೆಲ್ ಮೂರು ದಿನ ಟಿವಿಯಲ್ಲಿ ಉರಿಯಿತು. ಗುಮ್ಮಟದ ಹೊಗೆ ಎಲ್ಲರ ಕಣ್ಣಲ್ಲಿ ಉಳಿಯಿತು. ಲೋಕಲ್ ಡಬ್ಬಿಯನ್ನು ಮರುದಿನ ಎಳೆದು ಯಾರ್ಡಿಗೆ ಹಾಕಿದರು, ಗಾಡಿ ಓಡಲು ಶುರುವಾಯಿತು.

26/11ರ ಒಳಗೂ ಇದೇ ಭೇದ ಇದೆ. ಸಿಎಸ್‌ಟಿ ರೈಲು ನಿಲ್ದಾಣದಲ್ಲೇ 50ಕ್ಕೂ ಹೆಚ್ಚು ಜನ ಸತ್ತರು. ದೂರದ ಊರಿನ ಗಾಡಿಗೆ ಕಾಯುತ್ತಾ ಗಂಟು ಮೂಟೆ ಇಟ್ಟುಕೊಂಡು ಕೂತಿದ್ದ ಬಡವರೇ ಹೆಚ್ಚು. ಸಿನಿಮಾಗಳಲ್ಲಿ ಅವರು ಕೆಲವೇ ನಿಮಿಷ. ಬೀಳುವ ಗುಂಪು, ಅಷ್ಟೆ. ಹೆಸರಿಲ್ಲ, ಊರಿಲ್ಲ. ಹೋಟೆಲ್ಲಿನೊಳಗೆ ಹೋದ ಮೇಲೆ ಒಬ್ಬೊಬ್ಬರಿಗೂ ಹೆಸರು, ಹೆಂಡತಿ, ಮಗು, ಫೋನ್ ಕರೆ. ತಾಜ್ ದಾಳಿಯ ಮೇಲಿನ 'ಹೋಟೆಲ್ ಮುಂಬೈ' ನೋಡಿದವರಿಗೆ ಗೊತ್ತು. ಚಿತ್ರ ಚೆನ್ನಾಗಿಲ್ಲ ಅಂತಲ್ಲ. ಸಿಬ್ಬಂದಿಯ ಧೈರ್ಯ ಅದರಲ್ಲಿ ನಿಜವಾಗಿ ಬಂದಿದೆ. ಆದರೆ ಕ್ಯಾಮೆರಾ ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೋ ಆ ಸಾವೇ ದೊಡ್ಡದು ಅಂತ ನೋಡುವವರಿಗೆ ಅನಿಸುತ್ತದೆ. ಸ್ಕ್ರಿಪ್ಟ್ ಬರೆಯುವವರು ಇದನ್ನು ಮರೆಯಬಾರದು.

ಹಾಗಾಗಿ ನನ್ನ ಸಲಹೆ: ಒಂದು ಕ್ಷಣವಾದರೂ ಸ್ಫೋಟ ಇರಲಿ. ರಕ್ತ ಬೇಡ. ಆದರೆ ಏನಾಯಿತು ಅಂತ ತಿಳಿಯಬೇಕು.

ಡೊಂಬಿವಲಿ_ಫಾಸ್ಟ್

ರಂಗಕರ್ಮಿಯವರೇ, ಒಂದು ಕ್ಷಣ ಅಂತ ಹೇಳುತ್ತೀರಿ. ಎಡಿಟಿಂಗ್ ಟೇಬಲ್ಲಿನಲ್ಲಿ ಆ ಕ್ಷಣವೇ ಟ್ರೇಲರ್ ಆಗುತ್ತದೆ. ಎಲ್ಲ ಚಿತ್ರಕ್ಕೂ ಹಾಗೇ ಆಗಿದೆ.

ಮಾಟುಂಗಾ_ರಂಗಕರ್ಮಿ

ಅದನ್ನು ತಡೆಯುವುದು ನಿರ್ದೇಶಕನ ಜವಾಬ್ದಾರಿ. ಭಯಕ್ಕೆ ಬರೆಯುವುದನ್ನೇ ಬಿಡಲು ಆಗುವುದಿಲ್ಲ.

ತಾಜ್ ವಿಷಯ ಬಂದಿದ್ದಕ್ಕೆ ನೆನಪಾಯಿತು. ದಾಳಿ ಮುಗಿದ ಬೆನ್ನಿಗೇ ಆಗಿನ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ತಾಜ್ ನೋಡಲು ಹೋದರು. ಜೊತೆಗೆ ನಟನಾದ ಮಗ ಇದ್ದರು, ನಿರ್ದೇಶಕ ರಾಮ್ ಗೋಪಾಲ್ ವರ್ಮಾ ಇದ್ದರು. ಊರಿನಲ್ಲಿ ಇನ್ನೂ ಅಂತ್ಯಸಂಸ್ಕಾರ ನಡೆಯುತ್ತಿತ್ತು. ಜನ ಸಿಟ್ಟಿಗೆದ್ದರು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಆ ಭೇಟಿಯೂ ಅದಕ್ಕೆ ಒಂದು ಕಾರಣವಾಯಿತು. 2013ರಲ್ಲಿ ಅದೇ ನಿರ್ದೇಶಕರ 26/11 ಚಿತ್ರ ಬಂತು. ನಾನು ಇದನ್ನು ಯಾರನ್ನೋ ಬೈಯಲು ಹೇಳುತ್ತಿಲ್ಲ. ಜನ ಯಾಕೆ ಅಷ್ಟು ಕೆರಳಿದರು ಅಂತ ಯೋಚಿಸಿ. ನಮ್ಮ ದುಃಖ ಆರುವ ಮೊದಲೇ ಯಾರೋ ಬಂದು ಲೊಕೇಶನ್ ನೋಡುತ್ತಿದ್ದಾರೆ ಅನಿಸಿತು. 20 ವರ್ಷ ಆದ ಮೇಲೂ ಕೆಲವು ಮನೆಗಳಲ್ಲಿ ಹಾಗೇ ಅನಿಸಬಹುದು. ಮುಲುಂಡ್‌ನವರು ಮನೆ ಬಾಗಿಲು ತಟ್ಟುವಾಗ ಇದು ನೆನಪಿರಲಿ.

ಥಾಣೆ_ವಕೀಲೆ

ಕಾನೂನಿನ ಕಡೆಯಿಂದ ಒಂದೆರಡು ವಿಷಯ. ಉದ್ದವಾಗುತ್ತದೆ, ತಾಳ್ಮೆ ಇರಲಿ.

ಮೊದಲು ಬಾಂಬ್ ಇಟ್ಟವರು ಯಾರು ಅನ್ನುವ ಪ್ರಶ್ನೆ. 2015ರ ಸೆಪ್ಟೆಂಬರ್‌ನಲ್ಲಿ ವಿಶೇಷ ಮೋಕಾ (ಸಂಘಟಿತ ಅಪರಾಧ ತಡೆ ಕಾಯ್ದೆ) ನ್ಯಾಯಾಲಯ 12 ಜನರನ್ನು ತಪ್ಪಿತಸ್ಥರು ಅಂದಿತು. ಐವರಿಗೆ ಗಲ್ಲು, ಏಳು ಜನರಿಗೆ ಜೀವಾವಧಿ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲ 12 ಜನರನ್ನೂ ಖುಲಾಸೆ ಮಾಡಿತು. ಒಬ್ಬರು ಅದಕ್ಕೂ ಮೊದಲೇ ಜೈಲಿನಲ್ಲಿ ತೀರಿಕೊಂಡಿದ್ದರು. ತಪ್ಪೊಪ್ಪಿಗೆಗಳನ್ನು, ಗುರುತು ಹಿಡಿದ ಸಾಕ್ಷಿಗಳನ್ನು ನಂಬಲು ಆಗುವುದಿಲ್ಲ, ಪ್ರಾಸಿಕ್ಯೂಷನ್ ಆರೋಪ ಸಾಬೀತು ಮಾಡಲು ಪೂರ್ತಿ ಸೋತಿದೆ ಅಂತ ಹೈಕೋರ್ಟ್ ಹೇಳಿತು. ಮೂರು ದಿನದಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬೇರೆ ಕೇಸುಗಳಿಗೆ ಆಧಾರ ಮಾಡಬಾರದು ಅಂತ ತಡೆಯಿತು. ಆದರೆ ಬಿಡುಗಡೆಯಾದವರನ್ನು ವಾಪಸ್ ಜೈಲಿಗೆ ಕಳಿಸಲಿಲ್ಲ.

ಈಗ ಯೋಚಿಸಿ. ಯಾರಾದರೂ 2016ರಲ್ಲಿ ಈ ವಿಷಯದ ಮೇಲೆ ಸಿನಿಮಾ ಮಾಡಿ, ಆ 12 ಜನರ ಮುಖ ತೋರಿಸಿ, ಇವರೇ ಕೊಲೆಗಾರರು ಅಂತ ಮುಗಿಸಿದ್ದರೆ? ತೀರ್ಪು ಬದಲಾಗುತ್ತದೆ. ಸಿನಿಮಾ ಬದಲಾಗುವುದಿಲ್ಲ. ಮೊಬೈಲಿನಲ್ಲಿ ಅದು ಓಡುತ್ತಲೇ ಇರುತ್ತದೆ. 1993ರ ಮಾರ್ಚ್ 12ರ ಬಾಂಬೆ ಸ್ಫೋಟಗಳ ಮೇಲಿನ 'ಬ್ಲ್ಯಾಕ್ ಫ್ರೈಡೇ' ಚಿತ್ರವನ್ನು ಇದೇ ಕಾರಣಕ್ಕೆ ಬಾಂಬೆ ಹೈಕೋರ್ಟ್ ತಡೆದಿತ್ತು. ವಿಚಾರಣೆ ಮುಗಿಯದೆ ಆರೋಪಿಗಳನ್ನು ತೆರೆಯ ಮೇಲೆ ತಪ್ಪಿತಸ್ಥರು ಮಾಡಬೇಡಿ ಅಂತ. ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟ್ ತೀರ್ಪು ಬಂದ ಮೇಲೆ 2007ರಲ್ಲಿ ಅದು ಬಿಡುಗಡೆಯಾಯಿತು. ಸಿನಿಮಾದವರಿಗೆ ಅದು ಕಷ್ಟವಾಯಿತು. ಆದರೆ ಆ ಎಚ್ಚರ ತಪ್ಪಲ್ಲ ಅಂತ ಇವತ್ತು ಅನಿಸುತ್ತದೆ.

ಎರಡನೆಯದು ಒಪ್ಪಿಗೆ. ಇಲ್ಲಿ ಕಾನೂನು ಕುಟುಂಬಗಳಿಗೆ ಹೆಚ್ಚು ಸಹಾಯ ಮಾಡುವುದಿಲ್ಲ. 2016ರ ಜುಲೈನಲ್ಲಿ ಢಾಕಾದ ಹೋಲಿ ಆರ್ಟಿಸನ್ ಬೇಕರಿಯ ಮೇಲೆ ದಾಳಿ ಆಯಿತಲ್ವಾ, ಅದರ ಮೇಲೆ ಹಿಂದಿ ಚಿತ್ರ ಬಂತು, 'ಫರಾಜ್'. ಅಲ್ಲಿ ಸತ್ತ ಇಬ್ಬರು ಹುಡುಗಿಯರ ತಾಯಂದಿರು ದೆಹಲಿ ಹೈಕೋರ್ಟಿಗೆ ಹೋದರು. ನಮ್ಮ ಮಕ್ಕಳ ಕೊನೆಯ ಗಳಿಗೆಯನ್ನು ಹೀಗೆ ತೋರಿಸುವುದು ನಮಗೆ ಬೇಡ ಅಂದರು. ಕೋರ್ಟ್ ತಡೆ ಕೊಡಲಿಲ್ಲ. 2023ರ ಫೆಬ್ರವರಿಯಲ್ಲಿ ಚಿತ್ರ ತೆರೆಗೆ ಬಂತು. ಸತ್ತವರ ಖಾಸಗಿತನ ಅವರ ಜೊತೆಗೇ ಹೋಗುತ್ತದೆ, ಅದು ಮನೆಯವರಿಗೆ ಆಸ್ತಿಯ ಹಾಗೆ ಬರುವುದಿಲ್ಲ ಅನ್ನುವ ದಾರಿಯಲ್ಲೇ ನಮ್ಮ ಕೋರ್ಟುಗಳು ಹೆಚ್ಚಾಗಿ ಹೋಗಿವೆ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬಳಸಬಹುದು ಅಂತ 1994ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದೆ.

ಅಂದರೆ ನೀವು ಯಾರನ್ನೂ ಕೇಳದೆ ಚಿತ್ರ ಮಾಡಿದರೂ ಬಹುಶಃ ಯಾರೂ ತಡೆಯಲು ಆಗುವುದಿಲ್ಲ. ಅದಕ್ಕೇ ಕೇಳಲೇಬೇಕು ಅನ್ನುತ್ತೇನೆ. ಕಾನೂನು ಕೈ ಬಿಟ್ಟ ಜಾಗದಲ್ಲಿ ನಿಮ್ಮ ಸಭ್ಯತೆ ಒಂದೇ ಅವರಿಗೆ ಉಳಿದ ರಕ್ಷಣೆ.

ಪುಣೆ_ಧಾರವಾಡ

ವಕೀಲೆಯವರು ಹೇಳಿದ್ದು ಕಣ್ಣು ತೆರೆಸಿತು. ಇಲ್ಲಿ ಪುಣೆಯಲ್ಲಿ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ 2010ರ ಫೆಬ್ರವರಿ 13ಕ್ಕೆ ಬಾಂಬ್ ಸಿಡಿಯಿತು. 17 ಜನ ಸತ್ತರು. ಓದಲು ಬಂದ ಹುಡುಗ ಹುಡುಗಿಯರು ಬಹಳ ಇದ್ದರು. 2013ರಲ್ಲಿ ಬೇಕರಿ ಮತ್ತೆ ತೆರೆಯಿತು. ಈಗ ಜನ ಅಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಅದರ ಮೇಲೂ ಯಾರಾದರೂ ಮಾಡಲಿ ಅಂತ ಆಸೆ, ಮಾಡದೇ ಇರಲಿ ಅಂತಲೂ ಆಸೆ. ಎರಡೂ ಒಟ್ಟಿಗೆ ಇದೆ, ಏನು ಮಾಡೋದು.

ಒಂದು ಕೇಳಬೇಕು. ಖುಲಾಸೆಯಾದವರಲ್ಲಿ ಈಗ ಇರುವ 11 ಜನ ಕೂಡ ಬದುಕುಳಿದವರೇ ಅಲ್ವಾ? ಸುಮಾರು 19 ವರ್ಷ ಜೈಲು. ನಿಮ್ಮ ಚಿತ್ರದಲ್ಲಿ ಅವರಿಗೆ ಜಾಗ ಇದೆಯಾ?

ಕಾಂದಿವಲಿ_84

ಅವರಿಗೆ ಜಾಗ ಯಾಕೆ? ಸತ್ತವರ ಮನೆಯವರ ಚಿತ್ರದಲ್ಲಿ ಆರೋಪಿಗಳ ಕಥೆ ಹೇಳಿದರೆ ಆ ಮನೆಯವರಿಗೆ ಹೇಗಾಗಬೇಡ? ಹೈಕೋರ್ಟ್ ಸಾಕ್ಷಿ ಸಾಲದು ಅಂತ ಬಿಟ್ಟಿದೆ. ಸುಪ್ರೀಂ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ನನ್ನ ಸ್ನೇಹಿತ ಖಾರ್‌ನಲ್ಲಿ ಹೋದ. ಅವನ ತಾಯಿಗೆ ಈ ಪ್ರಶ್ನೆ ಕೇಳಿ ನೋಡಿ.

ಪುಣೆ_ಧಾರವಾಡ

ನಿಮ್ಮ ಸಿಟ್ಟು ಸರಿ. ನಾನು ಆ ತಾಯಿಯ ಪಕ್ಕ ಅವರನ್ನು ಕೂರಿಸಿ ಅಂತ ಹೇಳುತ್ತಿಲ್ಲ. ಆದರೆ ಯಾರು ಮಾಡಿದ್ದು ಅಂತ ಆ ತಾಯಿಗೆ ಇವತ್ತಿಗೂ ಗೊತ್ತಿಲ್ಲ. ಅದು ಅವರಿಗೆ ಆದ ಎರಡನೇ ಅನ್ಯಾಯ. ಅದನ್ನು ಮುಚ್ಚಿಟ್ಟು ಚಿತ್ರ ಮಾಡಿದರೆ ಅವರ ಕಥೆಯೇ ಅರ್ಧವಾಗುತ್ತದೆ.

ಥಾಣೆ_ವಕೀಲೆ

ಈ ಕೇಸಿನಲ್ಲಿ 2015ರಲ್ಲೇ ಒಬ್ಬರು ಪೂರ್ತಿ ಖುಲಾಸೆಯಾಗಿದ್ದರು, ಶಾಲಾ ಶಿಕ್ಷಕರು. ಒಂಬತ್ತು ವರ್ಷ ಒಳಗಿದ್ದರು. ಅವರ ಮೇಲೆ 2022ರಲ್ಲಿ ಒಂದು ಹಿಂದಿ ಚಿತ್ರ ಬಂದಿದೆ. ಅಂದರೆ ಆ ಕಥೆಗೆ ಬೇರೆ ಜಾಗ ಇದೆ. ಅರ್ಧ ಗಂಟೆಯಲ್ಲಿ ಎರಡನ್ನೂ ಹಿಡಿಯಲು ಹೋದರೆ ಎರಡಕ್ಕೂ ಮೋಸ ಆಗುತ್ತದೆ. ಆದರೆ ಆರೋಪಿಗಳು ಅಂತ ಯಾವ ಮುಖವನ್ನೂ, ಯಾವ ವೇಷವನ್ನೂ ತೋರಿಸಬೇಡಿ. ಗಡ್ಡ, ಟೋಪಿ ಹಾಕಿದ ಒಬ್ಬನನ್ನು ಚೀಲ ಹಿಡಿದು ಡಬ್ಬಿ ಹತ್ತಿಸುವ ಶಾಟ್ ದಯವಿಟ್ಟು ಬೇಡ. ಆ ಗಾಡಿಗಳಲ್ಲಿ ಸತ್ತವರಲ್ಲಿ ಮುಸ್ಲಿಮರೂ ಇದ್ದರು.

ಬೋರಿವಲಿ_ಕರಾವಳಿ

ನಮ್ಮ ಊರ ಕಡೆಯ ಮಾತು ಹೇಳುತ್ತೇನೆ. 2010ರ ಮೇ 22, ಮಂಗಳೂರಿನ ಬಜ್ಪೆ ವಿಮಾನ ದುರಂತ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್. 158 ಜನ ಹೋದರು, ಎಂಟು ಜನ ಉಳಿದರು. ಮುಂಬೈಯಲ್ಲಿರುವ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಿಗೆ ಆ ದಿನ ಫೋನ್ ಬಂದಿದೆ. ಗುರುತೇ ಸಿಗದ 12 ದೇಹಗಳನ್ನು ಕೂಳೂರು, ತಣ್ಣೀರುಬಾವಿ ಹತ್ತಿರ ಒಟ್ಟಿಗೆ ಮಣ್ಣು ಮಾಡಿದರು.

ನಾಳೆ ಯಾರಾದರೂ ಇದರ ಮೇಲೆ ಚಿತ್ರ ಮಾಡಿದರೆ ಏನಾಗುತ್ತದೆ ಅಂತ ನನಗೆ ಈಗಲೇ ಕಾಣುತ್ತದೆ. ತನಿಖಾ ವರದಿಯಲ್ಲಿ ಎರಡು ವಿಷಯ ಇದೆ. ಕ್ಯಾಪ್ಟನ್ ಪ್ರಯಾಣದ ಹೆಚ್ಚಿನ ಹೊತ್ತು ನಿದ್ದೆ ಮಾಡಿದ್ದರು, ಕಾಕ್‌ಪಿಟ್ ರೆಕಾರ್ಡಿಂಗಿನಲ್ಲಿ ಗೊರಕೆ ಕೇಳಿಸುತ್ತದೆ. ಇಳಿಯುವಾಗ ಸಹ ಪೈಲಟ್ ಮತ್ತೆ ಮೇಲೇರಲು ಮೂರು ಸಲ ಹೇಳಿದ್ದರು. ಸಿನಿಮಾದವರಿಗೆ ಇಷ್ಟು ಸಾಕು. ಒಬ್ಬ ಖಳನಾಯಕ ಸಿಕ್ಕಿದ, ಒಬ್ಬ ನಾಯಕ ಸಿಕ್ಕಿದ. ಆದರೆ ಆ ಕ್ಯಾಪ್ಟನ್‌ಗೂ ಮನೆ ಇತ್ತು. ರಾತ್ರಿ ಹೋಗಿ ಬೆಳಗಿನ ಜಾವ ವಾಪಸ್ ಬರುವ ಆ ಪಾಳಿ, ಗುಡ್ಡದ ತುದಿಯ ಆ ಟೇಬಲ್‌ಟಾಪ್ ರನ್‌ವೇ, ಇದನ್ನೆಲ್ಲ ತೋರಿಸಲು ತಾಳ್ಮೆ ಬೇಕು. ಉಳಿದ ಎಂಟು ಜನರಲ್ಲಿ ಕೆಲವರು ಮಾತಾಡಿದ್ದಾರೆ, ಕೆಲವರು ಮಾತಾಡುವುದನ್ನೇ ಬಿಟ್ಟಿದ್ದಾರೆ. ಬಿಟ್ಟವರನ್ನು ಹುಡುಕಿಕೊಂಡು ಹೋಗಬೇಡಿ ಅಂತ ನನ್ನ ವಿನಂತಿ. ಬದುಕಿ ಉಳಿದಿದ್ದಕ್ಕೆ ನಮಗೆಲ್ಲ ಕಥೆ ಹೇಳುವ ಸಾಲ ಅವರ ಮೇಲೆ ಇಲ್ಲ.

ಮೀರಾರೋಡ್_ಅಕ್ಕ

ಎಲ್ಲವನ್ನೂ ಓದಿದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ಮನೆಯವರು ಆ ದಿನ ಫಸ್ಟ್ ಕ್ಲಾಸಿನಲ್ಲಿದ್ದರು. ಬದುಕಿದರು. ಎರಡೂ ಕಿವಿಯ ತಮಟೆ ಹರಿದಿತ್ತು, ಬಲಗೈ ಸುಟ್ಟಿತ್ತು. ಆಪರೇಷನ್ ಆಯಿತು. ಒಂದು ಕಿವಿ ಸ್ವಲ್ಪ ಬಂತು. ಇನ್ನೊಂದರಲ್ಲಿ ಹಗಲು ರಾತ್ರಿ ಶಿಳ್ಳೆ. ಈಗಲೂ ಇದೆ. ಟಿವಿ ಜೋರು ಮಾಡಿದರೆ ಎದ್ದು ಹೋಗುತ್ತಾರೆ, ಸಣ್ಣಗೆ ಮಾಡಿದರೆ ಕೇಳಿಸುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಟಿವಿ ಮ್ಯೂಟ್‌ನಲ್ಲೇ ಓಡುತ್ತದೆ. ನನ್ನ ಮಗಳು ಬೆಳೆದದ್ದೇ ಹಾಗೆ.

ಕಂಪನಿಯವರು ಮೊದಲು ಹೂಗುಚ್ಛ ತಂದು ಕೊಟ್ಟರು. ಒಂದು ವರ್ಷ ತಡೆದರು. ಆಮೇಲೆ ಫೋನಿನ ಕೆಲಸ ನಿಮ್ಮಿಂದ ಆಗುವುದಿಲ್ಲ ಅಂತ ಹೇಳಿದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ನಾನು ಟ್ಯೂಷನ್ ಶುರು ಮಾಡಿದೆ, ಆಮೇಲೆ ಊಟದ ಡಬ್ಬಿ. ಅದು ಹೇಗೋ ನಡೆಯಿತು.

ನಿಮಗೆ ಹೇಳಬೇಕಾದ್ದು ಬೇರೆ. ಪ್ರತಿ ವರ್ಷ ಜುಲೈ ಶುರುವಾದರೆ ಫೋನ್ ಬರುತ್ತದೆ. ಪೇಪರಿನವರು, ಚಾನೆಲ್ಲಿನವರು. "ಸರ್ ಒಂದು ಬೈಟ್ ಕೊಡಿ, ಆ ದಿನ ಏನಾಯಿತು?" 12ನೇ ತಾರೀಖಿಗೆ ಯಾರೂ ಇಲ್ಲ. ಹೋದ ವರ್ಷ ತೀರ್ಪು ಬಂದಾಗ ಒಂದೇ ಮಧ್ಯಾಹ್ನ ಫೋನ್ ಮೇಲೆ ಫೋನ್. "ಹೇಗನಿಸುತ್ತಿದೆ?" ಇವರು ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಹೇಗನಿಸಬೇಕು? ಅಷ್ಟು ವರ್ಷ ಆ 12 ಜನರೇ ಮಾಡಿದ್ದು ಅಂತ ನಂಬಿದ್ದೆವು. ಅವರಲ್ಲ ಅಂದರು. ಹಾಗಾದರೆ ನಿಜವಾದವರು ಇಷ್ಟು ವರ್ಷ ಎಲ್ಲಿದ್ದರು? ನಮ್ಮ ಪಕ್ಕದಲ್ಲೇ ಗಾಡಿಯಲ್ಲಿ ಓಡಾಡಿಕೊಂಡಿದ್ದರಾ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2006ರ ರಾತ್ರಿಗಿಂತ ಕಷ್ಟವಾಯಿತು. ಆವತ್ತು ಕಡೇಪಕ್ಷ ಆಸ್ಪತ್ರೆಯಲ್ಲಿ ಮಾಡಲು ಕೆಲಸ ಇತ್ತು.

ಸಿನಿಮಾ ಮಾಡುವವರೇ, ಇದನ್ನು ಮಾಡಿ. ಮ್ಯೂಟ್ ಟಿವಿಯ ಮನೆಯನ್ನು ತೋರಿಸಿ. ರೈಲು ತೋರಿಸಬೇಡಿ. ಇವರು ಈಗಲೂ ಲೋಕಲ್ ಹತ್ತುತ್ತಾರೆ. ಬೇರೆ ದಾರಿ ಏನಿದೆ? ಅದನ್ನು ಧೈರ್ಯ ಅಂತ ತೋರಿಸಬೇಡಿ. ಮುಂಬೈಯ ಛಲ, ಮರುದಿನವೇ ಎದ್ದು ನಿಂತ ಊರು, ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮರುದಿನ ಜನ ಕೆಲಸಕ್ಕೆ ಹೋದದ್ದು ಹೋಗದಿದ್ದರೆ ಸಂಬಳ ಇಲ್ಲ ಅಂತ.

ಡೊಂಬಿವಲಿ_ಫಾಸ್ಟ್

ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ವಸಾಯಿ_ಪ್ಯಾಸೆಂಜರ್

ಅಕ್ಕನವರ ಕೊನೆಯ ಮಾತಿಗೆ ನಾನು ಸಾಕ್ಷಿ. ಮರುದಿನ ನಾನೂ ಹೋದೆ. ಅದೇ ಲೈನು. ಡಬ್ಬಿಯಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಮೇಲಿನ ಸಾಮಾನಿನ ಕಂಬಿಯನ್ನೇ ನೋಡುತ್ತಿದ್ದೆವು. ವಾರದ ಮೇಲೆ, ಜುಲೈ 18ರ ಸಂಜೆ, ಸತ್ತವರಿಗಾಗಿ ಎರಡು ನಿಮಿಷ ಎಲ್ಲ ನಿಂತಿತು. ಆಗ ಮಾತ್ರ ಕೆಲವರು ಅತ್ತರು.

ಗೋರೆಗಾಂವ್_ಎಡಿಟರ್

ನಾನು ಸೀರೀಸ್‌ಗಳಿಗೆ ಎಡಿಟಿಂಗ್ ಮಾಡುತ್ತೇನೆ. ಇಲ್ಲಿ ಬಂದ ಮಾತುಗಳಿಗೆ ಗೌರವ ಇಟ್ಟುಕೊಂಡೇ ಒಂದು ವಿರೋಧ ಹೇಳುತ್ತೇನೆ. ಪ್ರತಿಯೊಬ್ಬರನ್ನೂ ಕೇಳಿ, ಪ್ರತಿಯೊಬ್ಬರಿಗೂ ಒಪ್ಪಿಗೆಯಾಗುವ ಚಿತ್ರ ಮಾಡಲು ಹೊರಟರೆ ಕೊನೆಗೆ ಶ್ರದ್ಧಾಂಜಲಿ ವಿಡಿಯೋ ಆಗುತ್ತದೆ. ಕಲ್ಪಿತ ಪಾತ್ರಕ್ಕೆ ಒಂದು ಸ್ವಾತಂತ್ರ್ಯ ಇದೆ. ಇದೇ ರೈಲು ಸ್ಫೋಟದ ಮೇಲೆ 2008ರಲ್ಲಿ 'ಮುಂಬೈ ಮೇರಿ ಜಾನ್' ಬಂತು. ಅದರಲ್ಲಿ ಎಲ್ಲ ಪಾತ್ರ ಕಲ್ಪಿತ. ನಿವೃತ್ತಿಗೆ ಬಂದ ಪೊಲೀಸ್, ಬೀದಿಯಲ್ಲಿ ಕಾಫಿ ಮಾರುವವನು, ರೈಲು ಹತ್ತಲು ಹೆದರುವ ಕಂಪನಿ ನೌಕರ. ಒಬ್ಬ ಟಿವಿ ವರದಿಗಾರ್ತಿ ಇದ್ದಾಳೆ. ಬೇರೆಯವರ ದುಃಖದ ಮುಂದೆ ಮೈಕ್ ಹಿಡಿಯುವುದು ಅವಳ ಕೆಲಸ. ತಾನು ಮದುವೆಯಾಗಬೇಕಿದ್ದ ಹುಡುಗ ಸ್ಫೋಟದಲ್ಲಿ ಹೋದಾಗ ಅವಳ ಚಾನೆಲ್ಲೇ ಅವಳ ಮುಂದೆ ಮೈಕ್ ಹಿಡಿಯುತ್ತದೆ. ಮೀರಾ ರೋಡ್ ಅಕ್ಕ ಹೇಳಿದ ಜುಲೈ ಫೋನುಗಳೇ ಅದು. ಯಾರ ಮನೆಯ ಕಥೆಯನ್ನೂ ಎತ್ತಿಕೊಳ್ಳದೆ ಎಲ್ಲರ ಮನೆಯ ಕಥೆ ಹೇಳಿದರು.

ಕನ್ನಡದಲ್ಲೇ ನೋಡಿ. 2006ರ 'ಸೈನೈಡ್'. 1991ರ ಆಗಸ್ಟ್‌ನಲ್ಲಿ ಶಿವರಾಸನ್ ತಂಡ ಅಡಗಿದ್ದ ಕೋಣನಕುಂಟೆಯ ಮನೆ. ರಾಜೀವ್ ಗಾಂಧಿ ಹತ್ಯೆಯ ಮೇಲೆ ಎಷ್ಟು ಬರೆದರೂ ಮುಗಿಯದು. ಆದರೆ ಆ ಚಿತ್ರದ ಜೀವ ಇರುವುದು ಮನೆಯೊಳಗೆ, ಕೊಲೆಗಾರರ ಜೊತೆ ಸಿಕ್ಕಿಕೊಂಡ ಗಂಡ ಹೆಂಡಿರಲ್ಲಿ. ದೊಡ್ಡ ಘಟನೆಗೆ ಸಣ್ಣ ಬಾಗಿಲಿನಿಂದ ಹೋಗುವುದು ನಮಗೆ ಹೊಸದಲ್ಲ.

ಥಾಣೆ_ವಕೀಲೆ

ಎಡಿಟರ್ ಅವರೇ, ಒಪ್ಪಿಗೆ ಅಂದರೆ ಸ್ಕ್ರಿಪ್ಟಿಗೆ ಎಲ್ಲರ ಸಹಿ ಅಂತಲ್ಲ. ಕಲ್ಪಿತ ಪಾತ್ರವಾದರೂ ಯಾರದೋ ಬದುಕಿನಿಂದಲೇ ಬರುತ್ತದೆ. ಅಕ್ಕ ಈಗ ಬರೆದ ಮ್ಯೂಟ್ ಟಿವಿಯನ್ನು ನಾಳೆ ಯಾರೋ ಸುಮ್ನೆ ಎತ್ತಿ ತಮ್ಮ ಸೀರೀಸ್‌ಗೆ ಹಾಕಿಕೊಂಡರೆ? ಹೆಸರು ಬದಲಾಯಿಸಿದ್ದೇವೆ ಅಂದರೆ ಸಾಕಾ? ಆ ಮನೆಯವರು ನೋಡಿದರೆ ತಮ್ಮದೇ ಅಂತ ಗೊತ್ತಾಗುತ್ತದೆ.

ಬೇರೆ ದಾರಿಯೂ ಇದೆ. ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ, 1997ರ ಜೂನ್ 13, 59 ಸಾವು. ಇಬ್ಬರು ಮಕ್ಕಳನ್ನು ಕಳೆದುಕೊಂಡ ದಂಪತಿ ಬೇರೆ ಕುಟುಂಬಗಳನ್ನು ಸೇರಿಸಿ ಸಂಘ ಕಟ್ಟಿ ವರ್ಷಗಟ್ಟಲೆ ಕೋರ್ಟು ಅಲೆದರು. ತಾವೇ ಪುಸ್ತಕ ಬರೆದರು. ಅದರ ಮೇಲೆ 2023ರಲ್ಲಿ 'ಟ್ರಯಲ್ ಬೈ ಫೈರ್' ಸೀರೀಸ್ ಬಂತು. ಚಿತ್ರಮಂದಿರದ ಮಾಲೀಕರಲ್ಲಿ ಒಬ್ಬರು ತಡೆ ಕೇಳಿದರು, ದೆಹಲಿ ಹೈಕೋರ್ಟ್ ಕೊಡಲಿಲ್ಲ. ಢಾಕಾದ ತಾಯಂದಿರೂ ಕೋರ್ಟಿಗೆ ಹೋದರು, ಈ ಮಾಲೀಕರೂ ಹೋದರು, ಇಬ್ಬರಿಗೂ ಸಿಕ್ಕ ಉತ್ತರ ಒಂದೇ. ಆದರೆ ಒಂದರಲ್ಲಿ ಕುಟುಂಬದವರು ಬೇಡ ಅಂತ ಹೊರಗೆ ನಿಂತಿದ್ದರು. ಇನ್ನೊಂದರಲ್ಲಿ ಕಥೆಯೇ ಕುಟುಂಬದವರ ಕೈಯಿಂದ ಬಂದಿತ್ತು.

ಇನ್ನೊಂದು ಸಣ್ಣ ವಿಷಯ, ಸ್ಕ್ರಿಪ್ಟಿಗೆ ಉಪಯೋಗವಾಗಬಹುದು. ರೈಲಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ ಭಯೋತ್ಪಾದಕ ಕೃತ್ಯಕ್ಕೆ ಸಿಕ್ಕಿದವರಿಗೆ ರೈಲ್ವೆ ಕಾಯ್ದೆಯ 124ಎ ಕಲಮಿನಡಿ ಪರಿಹಾರ ಇದೆ. ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ. ಸಾವಿಗೆ ಆಗ 4 ಲಕ್ಷ ಇತ್ತು, 2017ರಿಂದ 8 ಲಕ್ಷ. ಆದರೆ ಪ್ರಯಾಣಿಕ ಅಂತ ತೋರಿಸಬೇಕು, ಅದಕ್ಕೆ ಟಿಕೆಟ್ ಅಥವಾ ಪಾಸ್ ಇದ್ದರೆ ಸುಲಭ. ಸ್ಫೋಟದಲ್ಲಿ ಸುಟ್ಟ ಜೇಬಿನಲ್ಲಿ ಪಾಸ್ ಎಲ್ಲಿ ಉಳಿಯುತ್ತದೆ? ಇಂಥ ಅರ್ಜಿ ಹಾಕುವ ಮನೆಯವರು ಪಾಸಿನ ಹಳೆಯ ರಸೀದಿ ಹುಡುಕುತ್ತಾ ಕೂರುತ್ತಾರೆ. ಗಂಡ ಸತ್ತ ವಾರದಲ್ಲಿ ಅವನ ಬೀರು, ಅಂಗಿ ಜೇಬು, ಪುಸ್ತಕದ ಸಂದಿ ಎಲ್ಲ ಹುಡುಕುವ ಹೆಂಗಸು. ನನಗೆ ಯಾವ ಸ್ಫೋಟದ ದೃಶ್ಯಕ್ಕಿಂತ ಅದು ದೊಡ್ಡದು.

ಮಾಟುಂಗಾ_ರಂಗಕರ್ಮಿ

ಪಾಸ್ ಹುಡುಕುವ ದೃಶ್ಯ ಓದಿ ನನ್ನ ವಾದ ಸಡಿಲಾಯಿತು. ಏನಾಯಿತು ಅಂತ ತಿಳಿಯಬೇಕು ಅನ್ನುವುದನ್ನು ಈಗಲೂ ಬಿಡುವುದಿಲ್ಲ. ಆದರೆ ಅದಕ್ಕೆ ಬೆಂಕಿ ಬೇಕಾಗಿಲ್ಲ. ಮಗಳು ಅಮ್ಮನನ್ನು ಕೇಳಬಹುದು, ಏನು ಹುಡುಕುತ್ತಿದ್ದೀ ಅಂತ. ಅಲ್ಲಿ ತಾರೀಖು, ಹೊತ್ತು, ಸ್ಟೇಷನ್ ಎಲ್ಲ ಬರುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ. 26/11ರಲ್ಲಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಮೇಲೆ 2022ರಲ್ಲಿ ಚಿತ್ರ ಬಂತು. ತಂದೆ ತಾಯಿಯ ಒಪ್ಪಿಗೆ ಪಡೆದು ಮಾಡಿದ್ದು. ವೀರನ ಮನೆಗೆ ಹೋಗಿ ಕೇಳುತ್ತಾರೆ, ಸರಿ. ಪ್ರಯಾಣಿಕನ ಮನೆಗೂ ಅಷ್ಟೇ ಮರ್ಯಾದೆಯಿಂದ ಹೋಗಿ ಕೇಳಲಿ.

ಕಾಂದಿವಲಿ_84

ಮುಲುಂಡ್‌ನವರು ಒಂದು ಮಾತು ಕೊಟ್ಟರೆ ನನ್ನ ಸ್ನೇಹಿತನ ತಾಯಿಯನ್ನು ನಾನೇ ಕೇಳುತ್ತೇನೆ. ಬೇಡ ಅಂದರೆ ಅಲ್ಲಿಗೆ ಮುಗಿಯಬೇಕು. ಮತ್ತೆ ಫೋನ್ ಮಾಡಬಾರದು.

ಮುಲುಂಡ್_ಬರಹ

ಮಾತು ಕೊಟ್ಟೆ.

ನಿನ್ನೆ ರಾತ್ರಿ ಗುಂಪಿನವರು ಸೇರಿದ್ದೆವು. ಇಲ್ಲಿನ ಎಲ್ಲ ಮಾತನ್ನೂ ಓದಿ ಹೇಳಿದೆ. ಸ್ಫೋಟದಿಂದಲೇ ಶುರು ಮಾಡಬೇಕು ಅಂತಿದ್ದ ಇಬ್ಬರೂ ಅಕ್ಕನವರ ಪೋಸ್ಟ್ ಆದ ಮೇಲೆ ಮಾತಾಡಲಿಲ್ಲ. ಸದ್ಯಕ್ಕೆ ಒಪ್ಪಿದ್ದು ಹೀಗೆ. ಸ್ಫೋಟ ಇಲ್ಲ. ಬಾಂಬ್ ಇಟ್ಟವರು ಅಂತ ಯಾರ ಮುಖವೂ ಇಲ್ಲ. ಕಥೆ ಶುರುವಾಗುವುದು 2025ರ ಜುಲೈ 21ರ ಮಧ್ಯಾಹ್ನ, ತೀರ್ಪು ಬಂದ ದಿನ, ಒಂದು ಮನೆಯಲ್ಲಿ. ಹಿಂದಿನದೆಲ್ಲ ಆ ಮನೆಯ ವಸ್ತುಗಳಿಂದ, ಮಾತಿನಿಂದ ಬರಬೇಕು. ಯಾರು ಮಾಡಿದ್ದು ಅನ್ನುವುದಕ್ಕೆ ಉತ್ತರ ಇಲ್ಲದೆಯೇ ಚಿತ್ರ ಮುಗಿಯುತ್ತದೆ. ಅವರಿಗೂ ಉತ್ತರ ಸಿಕ್ಕಿಲ್ಲವಲ್ಲ. ಹಳಿಯ ಪಕ್ಕದ ಜೋಪಡಿಯ ಒಬ್ಬ ಹೆಂಗಸು ಪಾತ್ರವಾಗಿ ಬರುತ್ತಾಳೆ. ಅವಳ ಒಂದು ಬೆಡ್‌ಶೀಟ್ ಈ ಮನೆಯಲ್ಲಿ ಉಳಿದುಹೋಗಿದೆ, ಕೊಡಲು ಹುಡುಕಿದರೂ ಸಿಕ್ಕಿಲ್ಲ. ವಸಾಯಿಯವರು ಅಡ್ಡಿ ಇಲ್ಲ ಅಂದರೆ ಇದನ್ನು ಇಟ್ಟುಕೊಳ್ಳುತ್ತೇನೆ.

ಮೀರಾ ರೋಡ್ ಅಕ್ಕ, ನಿಮ್ಮ ಮನೆಯ ಯಾವ ವಿವರವನ್ನೂ ನೀವು ಹೇಳದೆ ಬಳಸುವುದಿಲ್ಲ. ಟಿವಿಯ ವಿಷಯ ಕೂಡ. ಸ್ಕ್ರಿಪ್ಟ್ ಆದ ಮೇಲೆ ಮೊದಲು ನಿಮಗೆ ಕಳಿಸುತ್ತೇನೆ. ಬೇಡ ಅಂದ ಪುಟ ತೆಗೆಯುತ್ತೇನೆ. ಚಿತ್ರವನ್ನು ಜುಲೈ 11ಕ್ಕೆ ತೋರಿಸುವುದು ಬೇಡ ಅಂತಲೂ ಅನಿಸಿದೆ. ಆ ದಿನ ನೊಂದ ಮನೆಯವರು ಅವರವರ ಮನೆಯಲ್ಲಿ, ಸತ್ತವರನ್ನು ನೆನೆಯಲು ಸೇರುವ ಮಾಹಿಮ್ ಸ್ಟೇಷನ್ನಿನಲ್ಲಿ ಅವರ ಪಾಡಿಗೆ ಇರಲಿ.

ವಸಾಯಿ_ಪ್ಯಾಸೆಂಜರ್

ಬೆಡ್‌ಶೀಟ್ ಇಟ್ಟುಕೊಳ್ಳಿ. ಆದರೆ ಆ ಹೆಂಗಸಿಗೆ ಹೆಸರು ಇರಲಿ, ಮಾತು ಇರಲಿ. ಬರೀ ಓಡಿ ಬಂದು ಹೋಗಬಾರದು. ನಾನು ನೋಡಲು ಬರುತ್ತೇನೆ.

ಮೀರಾರೋಡ್_ಅಕ್ಕ

ಇವರಿಗೆ ಓದಿ ತೋರಿಸಿದೆ. ಟಿವಿ ವಿಷಯ ಹಾಕಿಕೊಳ್ಳಲಿ ಅಂದರು. ಶಿಳ್ಳೆಯ ಸದ್ದನ್ನು ಮಾತ್ರ ಚಿತ್ರದಲ್ಲಿ ಮಾಡಬೇಡಿ, ನೋಡಲು ಬಂದ ನಮ್ಮಂಥವರಿಗೆ ಅದು ಮತ್ತೆ ಹಿಡಿಯುತ್ತದೆ ಅಂದರು. ಸ್ಕ್ರಿಪ್ಟ್ ಕಳಿಸಿ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕಳಿಸಿದರೆ ಇವರೇ ಓದುತ್ತಾರೆ.